ಕೀಲಿಗೆ ಕೀಲು ಕೂಡಿದರೆ

ದೊಡ್ಡ ಬೈಕುಗಳ ಗ್ಯಾರೇಜಿನಲ್ಲಿ ಹಿಂಚಕ್ರದ ಶಾಫ್ಟ್ ಬಿಚ್ಚುವ ಮೊದಲು ಅನುಭವಸ್ಥ ಮೆಕ್ಯಾನಿಕ್ ಕೈಗೆತ್ತಿಕೊಳ್ಳುವುದು ಸ್ಪ್ಯಾನರ್ ಅಲ್ಲ, ಬಿಳಿ ಪೇಂಟು. ಶಾಫ್ಟಿನ ಎರಡು ತುಂಡುಗಳು ಒಂದರೊಳಗೊಂದು ತೂರಿಕೊಳ್ಳುವ ಜಾಗದಲ್ಲಿ ಎರಡಕ್ಕೂ ತಾಗುವಂತೆ ಒಂದು ಗೆರೆ ಎಳೆಯುತ್ತಾನೆ. ಬಿಚ್ಚುವ ಕೆಲಸ ಆಮೇಲೆ. ಲಾರಿಯ ಪ್ರೊಪೆಲ್ಲರ್ ಶಾಫ್ಟ್ ಇಳಿಸುವವರು ಪೇಂಟಿಗೆ ಕಾಯುವುದಿಲ್ಲ, ಉಳಿಯಿಂದ ಎರಡು ಕಡೆ ಕಚ್ಚು ಹೊಡೆದು ಮುಂದುವರಿಯುತ್ತಾರೆ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಇದ್ದ ಹಾಗೇ ಕೂರ್ಬೇಕು ಸಾರ್, ಇಲ್ಲಾಂದ್ರೆ ಗಾಡಿ ಅದುರುತ್ತೆ."

ಉತ್ತರ ಸರಿಯಾಗಿಯೇ ಇದೆ. ಆದರೆ ಆ ಗೆರೆಯ ಹಿಂದೆ ಸುಮಾರು 350 ವರ್ಷಗಳ ಲೆಕ್ಕಾಚಾರವಿದೆ. ಆ ಲೆಕ್ಕ ಮೊದಲು ಹಾಕಿದವನು ಮೋಟಾರು ವಾಹನದ ಕನಸನ್ನೂ ಕಂಡವನಲ್ಲ. ಅವನಿಗೆ ಬೇಕಿದ್ದದ್ದು ನೆರಳು ಗಡಿಯಾರ. ಇಂದಿನ ಮೆಕ್ಯಾನಿಕ್ಕು ಯಾವುದನ್ನು ತೊಲಗಿಸಲು ಪೇಂಟು ಬಳಿಯುತ್ತಾನೋ, ಅವನಿಗೆ ಅದೇ ಬೇಕಾಗಿತ್ತು ಎನ್ನುವುದು ಈ ಕಥೆಯ ತಮಾಷೆ.

ಮೊದಲು ಕೀಲನ್ನು ನೋಡೋಣ. ಯೂನಿವರ್ಸಲ್ ಜಾಯಿಂಟ್ ಎಂದು ಬಿಲ್ಲಿನಲ್ಲಿ ಬರೆಯುತ್ತಾರೆ, ಗ್ಯಾರೇಜಿನಲ್ಲಿ ಅದು ಬರೀ 'ಕ್ರಾಸ್'. ಒಂದು ದಂಡದ ತುದಿಯಲ್ಲಿ ಎರಡು ಕಿವಿಗಳ ಕವಲು, ಎದುರು ದಂಡದ ತುದಿಯಲ್ಲೂ ಅಂಥದ್ದೇ ಕವಲು, ಎರಡನ್ನೂ ಹಿಡಿದಿಡಲು ನಡುವೆ ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡು. ಆ ತುಂಡಿನ ನಾಲ್ಕು ಕೈಗಳಿಗೂ ಸೂಜಿಯಂಥ ರೋಲರುಗಳ ಬೇರಿಂಗ್ ಟೋಪಿ. ದಂಡಗಳು ನೇರ ಸಾಲಿನಲ್ಲಿ ಇಲ್ಲದಿದ್ದರೂ, ನಡುವೆ ಬಾಗು ಇದ್ದರೂ, ಒಂದನ್ನು ತಿರುಗಿಸಿದರೆ ಇನ್ನೊಂದು ತಿರುಗುತ್ತದೆ. ನೋಡಿದವರಿಗೆ ಇದರಲ್ಲಿ ಗುಟ್ಟೇನೂ ಕಾಣುವುದಿಲ್ಲ.

ಯುರೋಪಿನ ಬಹುಪಾಲು ಭಾಷೆಗಳಲ್ಲಿ ಈ ಕೀಲು ಇಟಲಿಯ ಜೆರೊಲಾಮೊ ಕಾರ್ಡಾನೊನ ಹೆಸರಿನಲ್ಲಿದೆ. ವೈದ್ಯ, ಗಣಿತಜ್ಞ, ಜ್ಯೋತಿಷಿ, ಜೂಜುಕೋರ ಎಲ್ಲವೂ ಆಗಿದ್ದ ಆತ 16ನೇ ಶತಮಾನದಲ್ಲಿ ಬರೆದದ್ದು ಉಂಗುರದೊಳಗೆ ಉಂಗುರ ತೂಗಿ ನಡುವಿನ ವಸ್ತುವನ್ನು ಸಮತಟ್ಟಾಗಿ ಇರಿಸುವ ತಂತ್ರದ ಬಗ್ಗೆ. ಆ ತಂತ್ರವೂ ಅವನದಲ್ಲ. ಚೀನಾದಲ್ಲಿ, ಗ್ರೀಕರಲ್ಲಿ ಅದು ಬಹಳ ಹಿಂದೆಯೇ ಇತ್ತು. ಹೆಸರು ಅವನಿಗೆ ಅಂಟಿಕೊಂಡಿತು, ಅಷ್ಟೆ. ಬಾಗಿದ ಎರಡು ದಂಡಗಳ ನಡುವೆ ತಿರುಗುವಿಕೆ ದಾಟಿಸುವಾಗ ಏನಾಗುತ್ತದೆ ಎಂದು ಕೂತು ಅಳೆದವನು ಇಂಗ್ಲೆಂಡಿನ ರಾಬರ್ಟ್ ಹುಕ್.

ಸ್ಪ್ರಿಂಗಿನ ನಿಯಮದಿಂದಾಗಿ ನಮ್ಮ ಹೈಸ್ಕೂಲು ಮಕ್ಕಳಿಗೂ ಪರಿಚಿತನಾದ ಹುಕ್, 1662ರಿಂದ ರಾಯಲ್ ಸೊಸೈಟಿಯ ಪ್ರಯೋಗಗಳ ಉಸ್ತುವಾರಿ. ಸದಸ್ಯರ ಮುಂದೆ ಹೊಸ ಪ್ರಯೋಗಗಳನ್ನು ಮಾಡಿ ತೋರಿಸುತ್ತಲೇ ಇರಬೇಕಾದ ಕೆಲಸ ಅದು. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದಾಗ ಬೀದಿಗಳನ್ನು ಅಳೆದು ಗಡಿ ಗುರುತಿಸಿದವರಲ್ಲೂ ಅವನಿದ್ದ. ನಕ್ಷತ್ರ ನೋಡುವ ಉಪಕರಣದ ಬಳಿ ಕೂತವನು ಕಣ್ಣು ತೆಗೆಯದೆಯೇ ದೂರದ ತಿರುಪನ್ನು ತಿರುಗಿಸುವುದು ಹೇಗೆ ಎಂಬ ಹುಡುಕಾಟದಲ್ಲಿ ಅವನು ಈ ಕೀಲಿಗೆ ಬಂದ. 1676ರಲ್ಲಿ ಪ್ರಕಟವಾದ ಸೂರ್ಯದರ್ಶಕಗಳ ಪುಸ್ತಕದಲ್ಲಿ ಅದರ ಚಿತ್ರ, ವಿವರ, ಉಪಯೋಗ ಎಲ್ಲ ಬಂದವು. ಆ ಉಪಯೋಗಗಳಲ್ಲಿ ಒಂದು ನೆರಳು ಗಡಿಯಾರ.

ನೆಲದ ಮೇಲೆ ಮಟ್ಟಸವಾಗಿ ಇಟ್ಟ ನೆರಳು ಗಡಿಯಾರದಲ್ಲಿ ಗಂಟೆಯ ಗೆರೆಗಳು ಸಮನಾದ ಅಂತರದಲ್ಲಿ ಇರುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಒಂದೇ ಸಮ ಸಾಗಿದರೂ ನೆರಳು ಹಾಗೆ ಸಾಗದು. ಲಂಡನ್ನಿನಲ್ಲಿ ಮಧ್ಯಾಹ್ನ 12ರಿಂದ 1ರವರೆಗೆ ಅದು ಸುಮಾರು 12 ಡಿಗ್ರಿ ಸರಿದರೆ, ಸಂಜೆ 5ರಿಂದ 6ರವರೆಗೆ ಸುಮಾರು 19 ಡಿಗ್ರಿ ಓಡುತ್ತದೆ. ಒಂದೇ ಸಮ ನಡೆಯುವ ಯಂತ್ರದಿಂದ ಹೀಗೆ ಹಿಗ್ಗಿ ಕುಗ್ಗಿ ನಡೆಯುವ ಮುಳ್ಳನ್ನು ತಿರುಗಿಸುವುದು ಹೇಗೆ? ಹುಕ್ ಕಂಡುಕೊಂಡದ್ದು ಇಷ್ಟು: ತನ್ನ ಕೀಲಿನ ಒಂದು ದಂಡವನ್ನು ಧ್ರುವನಕ್ಷತ್ರದ ಕಡೆಗೂ ಇನ್ನೊಂದನ್ನು ನೆಟ್ಟಗೆ ಮೇಲಕ್ಕೂ ಇಟ್ಟು, ಮೊದಲನೆಯದನ್ನು ಒಂದೇ ಸಮ ತಿರುಗಿಸಿದರೆ ಎರಡನೆಯದು ಥೇಟ್ ನೆರಳಿನ ಹಾಗೆಯೇ ಸಾಗುತ್ತದೆ. ಹತ್ತಿರ ಹತ್ತಿರ ಅಲ್ಲ, ಗಣಿತದ ಸೂತ್ರವೇ ಎರಡಕ್ಕೂ ಒಂದು. ಲಂಡನ್ನಿಗೆ ಬೇಕಾದ ಬಾಗು 38½ ಡಿಗ್ರಿ. ಅವನು ಬೆಂಗಳೂರಿನಲ್ಲಿ ಹುಟ್ಟಿದ್ದರೆ ಈ ಉಪಾಯ ಹೊಳೆದರೂ ಕೆಲಸಕ್ಕೆ ಬರುತ್ತಿರಲಿಲ್ಲ. 13 ಡಿಗ್ರಿ ಅಕ್ಷಾಂಶದ ನಮ್ಮೂರಿಗೆ 77 ಡಿಗ್ರಿ ಬಾಗು ಬೇಕು, ಕ್ರಾಸಿನ ಕಿವಿಗಳು ಒಂದಕ್ಕೊಂದು ತಾಗಿ ಅದಕ್ಕಿಂತ ಎಷ್ಟೋ ಮೊದಲೇ ನಿಂತುಬಿಡುತ್ತವೆ.

ಹೀಗೆ, ಕೀಲು ತಿರುಗುವಿಕೆಯನ್ನು ಇದ್ದ ಹಾಗೇ ದಾಟಿಸುವುದಿಲ್ಲ ಎನ್ನುವುದು ಹುಟ್ಟಿನಲ್ಲೇ ಗೊತ್ತಿದ್ದ ಸಂಗತಿ. ಒಂದು ಸುತ್ತಿನಲ್ಲಿ ಎರಡು ಸಲ ಆಚೆಯ ದಂಡ ಮುನ್ನುಗ್ಗುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಸುತ್ತು ಮುಗಿಯುವಾಗ ಇಬ್ಬರ ಲೆಕ್ಕವೂ ಸಮ, ನಡುವೆ ಮಾತ್ರ ಏರುಪೇರು. ಬಾಗು 10 ಡಿಗ್ರಿ ಇದ್ದರೆ ವೇಗ ಶೇ 1.5ರಷ್ಟು ಮೇಲೆ ಕೆಳಗೆ ಆಡುತ್ತದೆ. 20 ಡಿಗ್ರಿಗೆ ಅದು ಶೇ 6. 30ಕ್ಕೆ ಹೋದರೆ ಒಂದು ಕಡೆ ಶೇ 13, ಇನ್ನೊಂದು ಕಡೆ ಶೇ 15. ಬಾಗು ಎರಡು ಪಟ್ಟಾದರೆ ಏರುಪೇರು ನಾಲ್ಕು ಪಟ್ಟಾಗುತ್ತದೆ, ಮುಂದೆ ಬರುವ ಬೈಕಿನ ಅದುರಾಟದ ಸಂಕಟವೆಲ್ಲ ಇದರಿಂದಲೇ.

ಪರಿಹಾರವನ್ನೂ ಹುಕ್ಕೇ ಹೇಳಿದ. ಒಂದು ಕೀಲಿನ ಬದಲು ಎರಡು, ನಡುವೆ ಒಂದು ದಂಡ. ಮೊದಲ ಕೀಲು ಮಾಡಿದ್ದನ್ನು ಎರಡನೆಯದು ತಿರುವುಮುರುವಾಗಿ ಮಾಡಿದರೆ ಕೊನೆಯ ದಂಡ ಮತ್ತೆ ಒಂದೇ ಸಮ ತಿರುಗುತ್ತದೆ. ಪಲ್ಲಕ್ಕಿ ಹೊತ್ತ ಇಬ್ಬರಲ್ಲಿ ಒಬ್ಬನ ಹೆಗಲು ಏಳುವ ಹೊತ್ತಿಗೆ ಇನ್ನೊಬ್ಬನದು ಇಳಿದರೆ ನಡುವೆ ಕೂತವರಿಗೆ ಕುಲುಕು ಅಷ್ಟಾಗಿ ತಿಳಿಯದು, ಇಬ್ಬರೂ ಒಟ್ಟಿಗೇ ಎದ್ದು ಒಟ್ಟಿಗೇ ಇಳಿದರೆ ಉತ್ಸವಮೂರ್ತಿಯೂ ಜಿಗಿಯುತ್ತದೆ. ಕೀಲುಗಳು ಹೀಗೆ ಹೆಜ್ಜೆ ಹೊಂದಿಸಿಕೊಳ್ಳಲು ಬೇಕಾದದ್ದು ಎರಡೇ ಷರತ್ತು. ಎರಡು ಕಡೆಯ ಬಾಗೂ ಸಮನಾಗಿರಬೇಕು. ನಡುವಿನ ದಂಡದ ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿರಬೇಕು, ಎಂದರೆ ಮುಂದಿನ ಕಿವಿಗಳು ನೆಟ್ಟಗೆ ನಿಂತಾಗ ಹಿಂದಿನವೂ ನೆಟ್ಟಗೆ ನಿಂತಿರಬೇಕು. ಗಮನಿಸಿ, ತಪ್ಪು ಎಲ್ಲೂ ಮಾಯವಾಗಿಲ್ಲ. ನಡುವಿನ ದಂಡ ಈಗಲೂ ಏರುಪೇರಾಗಿಯೇ ತಿರುಗುತ್ತಿರುತ್ತದೆ, ಅದು ಆಚೆ ಹೋಗುವುದಿಲ್ಲ ಅಷ್ಟೆ.

ಇಷ್ಟೆಲ್ಲ ಗೊತ್ತಾದ ಮೇಲೆ ಕೀಲು ಎರಡು ಶತಮಾನ ಗಿರಣಿ, ಗಡಿಯಾರ, ಉಪಕರಣಗಳ ಮೂಲೆಯಲ್ಲಿ ಸುಮ್ಮನಿತ್ತು. ಮೋಟಾರು ಕಾರು ಬಂದು ಅದನ್ನು ರಸ್ತೆಗೆಳೆಯಿತು. ಮುಂದೆ ಎಂಜಿನ್, ಹಿಂದೆ ಗುಂಡಿಗಳ ಮೇಲೆ ಎದ್ದುಬೀಳುವ ಅಚ್ಚು, ನಡುವೆ ಶಕ್ತಿ ಸಾಗಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಇದರ ಬೆನ್ನುಹತ್ತಿದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದ. ಅವನು ಕಟ್ಟಿದ ಕಂಪನಿಯೇ ಮುಂದೆ ಡಾನಾ ಆಯಿತು. ಕಾರಿನವರು ಎರಡು ಕೀಲುಗಳ ಪಾಠವನ್ನು ಬೇಗ ಕಲಿತರು. ಮೋಟಾರ್‌ಸೈಕಲ್ಲಿನವರಿಗೆ ಅದು ಬೇಕಾಗಲು ಇನ್ನೂ 80 ವರ್ಷ ಹಿಡಿಯಿತು. ಅವರಿಗೆ ಶಾಫ್ಟ್ ಗೊತ್ತಿರಲಿಲ್ಲ ಎಂದಲ್ಲ, ಎರಡನೆಯ ಕೀಲೇ ಅವರಿಗೆ ಬೇಕಿರಲಿಲ್ಲ.

ಬೆಲ್ಜಿಯಮ್ಮಿನ ಹರ್ಸ್ಟಾಲ್‌ನಲ್ಲಿ ಬಂದೂಕು ಮಾಡುತ್ತಿದ್ದ ಎಫ್‌ಎನ್ ಕಾರ್ಖಾನೆ 1905ರಲ್ಲೇ ನಾಲ್ಕು ಸಿಲಿಂಡರಿನ, ಶಾಫ್ಟಿನ ಬೈಕು ಮಾರುತ್ತಿತ್ತು. ಆದರೆ ಅದರ ಹಿಂಚಕ್ರ ಚೌಕಟ್ಟಿಗೇ ಬಿಗಿದದ್ದು, ಸಸ್ಪೆನ್ಷನ್ ಇಲ್ಲ. ಚಕ್ರ ಮೇಲೆ ಕೆಳಗೆ ಆಡದಿದ್ದರೆ ಶಾಫ್ಟಿಗೆ ಬಾಗುವ ಪ್ರಮೇಯವೇ ಇಲ್ಲ. 1923ರಲ್ಲಿ ಮ್ಯಾಕ್ಸ್ ಫ್ರಿಟ್ಜ್ ರೂಪಿಸಿದ ಬಿಎಂಡಬ್ಲ್ಯು ಆರ್ 32 ಕೂಡ ಹಾಗೆಯೇ. 494 ಸಿಸಿ, ಎಂಟೂವರೆ ಅಶ್ವಶಕ್ತಿ, ಎರಡೂ ಪಕ್ಕಕ್ಕೆ ಚಾಚಿದ ಸಿಲಿಂಡರುಗಳು. ಗಿಯರ್‌ಬಾಕ್ಸಿನ ತುದಿಯಲ್ಲಿ ಒಂದು ರಬ್ಬರಿನ ಬಿಲ್ಲೆ ಕೂರಿಸಿ ಚೂರುಪಾರು ಅಂಕುಡೊಂಕನ್ನು ಅದಕ್ಕೇ ಬಿಟ್ಟಿದ್ದರು.

1938ರಲ್ಲಿ ಆರ್ 51, ಆರ್ 71ರಂಥ ಬೈಕುಗಳ ಹಿಂಚಕ್ರಕ್ಕೆ ಸ್ಪ್ರಿಂಗು ಬಂದಾಗ ಹಿಂದಿನ ತುದಿಗೆ ಒಂದು ಕ್ರಾಸ್ ಬಂತು. ಮುಂದೆ ಹಳೆಯ ರಬ್ಬರ್ ಬಿಲ್ಲೆಯೇ. ಆರ್ 71ರ ಮಾದರಿಯಲ್ಲೇ ಸೋವಿಯತ್ ಒಕ್ಕೂಟ ಎಂ-72 ಮಾಡಿತು, ಅದರ ಸಂತತಿಯಾದ ಉರಾಲ್ ಸೈಡ್‌ಕಾರುಗಳಲ್ಲಿ ಬಿಲ್ಲೆ-ಕ್ರಾಸ್ ಜೋಡಿ ಇಂದಿಗೂ ಬದುಕಿದೆ. 1955ರಲ್ಲಿ ಆರ್ 50 ಮತ್ತು ಆರ್ 69 ಬಂದಾಗ ಕ್ರಾಸ್ ಮುಂದಿನ ತುದಿಗೆ ಬಂತು. ಹಿಂಚಕ್ರ ಹಿಡಿದ ತೋಳು ಎಲ್ಲಿ ತಿರುಗುತ್ತದೋ ಆ ಗೂಟದ ನೇರದಲ್ಲೇ ಕೀಲನ್ನು ಕೂರಿಸಿ, ಶಾಫ್ಟನ್ನು ತೋಳಿನ ಟೊಳ್ಳಿನೊಳಗೆ ಎಣ್ಣೆಯಲ್ಲಿ ಓಡಿಸಿದರು. ತೋಳು ಬಾಗಿದಷ್ಟೇ ಶಾಫ್ಟೂ ಬಾಗುತ್ತದೆ, ಒಂದೇ ಕೀಲು ಸಾಕು. ಬಾಗು ಅಷ್ಟಿಷ್ಟೇ ಇದ್ದುದರಿಂದ ಶೇ 1ರಷ್ಟು ಏರುಪೇರನ್ನು ಟೈರು, ಕ್ಲಚ್ಚು, ರಬ್ಬರುಗಳು ನುಂಗಿಕೊಂಡವು. ಲೆಕ್ಕದಲ್ಲಿ ತಪ್ಪು, ರಸ್ತೆಯಲ್ಲಿ ಸರಿ. ನನಗೇನೋ ಈ ಒಂದು ಕೀಲಿನ ಬೈಕುಗಳ ಮೇಲೆ ಪ್ರೀತಿ ಜಾಸ್ತಿ, ಅವುಗಳನ್ನು ತಪ್ಪಾಗಿ ಜೋಡಿಸಲು ಸಾಧ್ಯವೇ ಇರಲಿಲ್ಲ.

ಅವುಗಳ ಕಾಟ ಬೇರೆಯದು. ಆಕ್ಸಿಲರೇಟರ್ ಕೊಟ್ಟಾಗ ಶಾಫ್ಟಿನ ತುದಿಯ ಚಿಕ್ಕ ಹಲ್ಲುಗಾಲಿ ಚಕ್ರದ ದೊಡ್ಡ ಹಲ್ಲುಗಾಲಿಯನ್ನು ಏರಿಹೋಗಲು ನೋಡುತ್ತದೆ. ಹಲ್ಲುಗಾಲಿಗಳ ಪೆಟ್ಟಿಗೆ ತೋಳಿಗೆ ಗಟ್ಟಿಯಾಗಿ ಬಿಗಿದಿರುವುದರಿಂದ ಬೈಕಿನ ಬೆನ್ನೇ ಮೇಲೇಳುತ್ತದೆ, ಬಿಟ್ಟರೆ ಕುಸಿಯುತ್ತದೆ. ಜರ್ಮನರು ತಮ್ಮ ಹೆಮ್ಮೆಯ ಬೈಕಿಗೆ 'ರಬ್ಬರ್ ಹಸು' ಎಂದು ಅಡ್ಡಹೆಸರಿಟ್ಟಿದ್ದರು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟ ಸವಾರನಿಗೆ ಆ ಹೆಸರು ಚೆನ್ನಾಗಿ ಅರ್ಥವಾಗುತ್ತಿತ್ತು.

1980ರಲ್ಲಿ ಬಂದ ಆರ್ 80 ಜಿ/ಎಸ್ ಈ ಎರಡೂ ಸಮಸ್ಯೆಗಳನ್ನು ಹಿಗ್ಗಿಸಿತು. ಅದು ಕಾಡುದಾರಿಗೂ ಸೈ ಎನ್ನುವ ಬೈಕು, ಹಿಂಚಕ್ರ ಉದ್ದಕ್ಕೆ ಆಡಬೇಕು. ಯೂಬೇರ್ ಓರಿಯೋಲ್ 1981 ಮತ್ತು 1983ರಲ್ಲಿ, ಗಾಸ್ಟೋನ್ ರಾಹಿಯೆ 1984 ಮತ್ತು 1985ರಲ್ಲಿ ಬಿಎಂಡಬ್ಲ್ಯು ಏರಿ ಪ್ಯಾರಿಸ್-ಡಾಕರ್ ರ್ಯಾಲಿ ಗೆದ್ದರು. ಆದರೆ ಚಕ್ರದ ಆಟ ಹೆಚ್ಚಿದಷ್ಟೂ ಕೀಲಿನ ಬಾಗು ಹೆಚ್ಚು, ಬೆನ್ನೇಳುವ ಚಾಳಿಯೂ ಹೆಚ್ಚು. 1987ರ ಆರ್ 80 ಜಿಎಸ್, ಆರ್ 100 ಜಿಎಸ್‌ಗಳಲ್ಲಿ ಬಂದ 'ಪ್ಯಾರಾಲಿವರ್' ಇದಕ್ಕೆ ಕೊಟ್ಟ ಉತ್ತರ. ಹಲ್ಲುಗಾಲಿಯ ಪೆಟ್ಟಿಗೆಯನ್ನು ತೋಳಿಗೆ ಬಿಗಿಯದೆ ಗೂಟದ ಮೇಲೆ ತೂಗಾಡಲು ಬಿಟ್ಟು, ಒಂದು ಸರಳಿನಿಂದ ಬೈಕಿನ ಮೈಗೆ ಕಟ್ಟಿದರು. ತೋಳು ಒಂದು ಬದಿ, ಸರಳು ಇನ್ನೊಂದು ಬದಿ, ಹೆಚ್ಚುಕಡಿಮೆ ಒಂದು ಸಮಾಂತರ ಚತುರ್ಭುಜ. ಚಕ್ರ ಎಷ್ಟೇ ಎದ್ದರೂ ಪೆಟ್ಟಿಗೆಯ ಮುಖ ಅಷ್ಟಾಗಿ ತಿರುಗುವುದಿಲ್ಲ. ಬೆನ್ನೆತ್ತುವ ಬಲ ಸರಳಿಗೆ ಹೋಗಿ ಬಹುಮಟ್ಟಿಗೆ ಅಲ್ಲೇ ಅಡಗುತ್ತದೆ.

ಪೆಟ್ಟಿಗೆ ತೂಗಾಡಲು ಹಿಂದೆಯೂ ಒಂದು ಕೀಲು ಬೇಕಾಯಿತು. ಗಿಯರ್‌ಬಾಕ್ಸಿನ ದಂಡವೂ ಪೆಟ್ಟಿಗೆಯ ದಂಡವೂ ಸದಾ ಹೆಚ್ಚುಕಡಿಮೆ ಸಮಾಂತರವಾಗಿ ಉಳಿಯುವುದರಿಂದ ಎರಡು ಕೀಲುಗಳ ಬಾಗು ತಾನಾಗಿಯೇ ಹತ್ತಿರ ಹತ್ತಿರ ಸಮ. ಹುಕ್ಕನ ಮೊದಲ ಷರತ್ತನ್ನು ಚತುರ್ಭುಜವೇ ಪೂರೈಸಿತು. ಎರಡನೆಯದು, ಕವಲುಗಳ ಹೊಂದಾಣಿಕೆ, ಜೋಡಿಸುವವನ ಕೈಗೆ ಬಂತು. ಶಾಫ್ಟು ಎರಡು ತುಂಡಾದ ಮೇಲೆ ಮೋಟಾರ್‌ಸೈಕಲ್ ಮೆಕ್ಯಾನಿಕ್ಕಿಗೂ ಲಾರಿಯವನ ಹಾಗೆ ಗುರುತು ಹಾಕುವ ಕೆಲಸ ಬಿತ್ತು.

ಮುಂದಿನ ತಲೆಮಾರಿನ ಆರ್ 1100, ಆರ್ 1150ಗಳಲ್ಲಿ ಶಾಫ್ಟು ಎರಡು ತುಂಡು. ನಡುವೆ ಉದ್ದುದ್ದ ಹಲ್ಲಿನ ಸ್ಪ್ಲೈನ್, ಒಂದು ತುಂಡು ಇನ್ನೊಂದರೊಳಗೆ ಜಾರುತ್ತ ಉದ್ದ ಸರಿಮಾಡಿಕೊಳ್ಳುತ್ತದೆ. ಆ ಹಲ್ಲುಗಳು ಎಲ್ಲ ಒಂದೇ ಥರ, ಹೇಗೆ ತೂರಿಸಿದರೂ ತೂರುತ್ತದೆ. ಗಿಯರ್‌ಬಾಕ್ಸ್ ಸೀಲು ಬದಲಿಸಲೋ ಕ್ಲಚ್ಚಿನ ಕೆಲಸಕ್ಕೋ ಬಿಚ್ಚಿದವನು ಗುರುತು ಹಾಕದೆ ಹೋದರೆ ಮರಳಿ ಜೋಡಿಸುವಾಗ ಏನೂ ಅಡ್ಡ ಬರುವುದಿಲ್ಲ. ಮುಂದಿನ ತುಂಡು ಗಿಯರ್‌ಬಾಕ್ಸಿನ ಮೇಲೆ ಟಕ್ ಎಂದು ಕೂರುತ್ತದೆ, ಹಿಂದಿನದು ಪೆಟ್ಟಿಗೆಯ ಜೊತೆ ಬಂದು ಸೇರುತ್ತದೆ, ರಬ್ಬರ್ ಟೋಪಿ ಮುಚ್ಚಿದರೆ ಒಳಗಿನದು ಯಾರಿಗೂ ಕಾಣದು. ಚಕ್ರ ಕೈಯಲ್ಲಿ ತಿರುಗಿಸಿ ನೋಡಿದರೂ ಗೊತ್ತಾಗುವುದಿಲ್ಲ.

ತಪ್ಪಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಬಹುದು. ಸ್ಪ್ಲೈನಿಗೆ 20 ಹಲ್ಲು ಎಂದಿಟ್ಟುಕೊಳ್ಳಿ, ಒಂದು ಹಲ್ಲು ತಪ್ಪಿದರೆ 18 ಡಿಗ್ರಿ. ಅಷ್ಟಕ್ಕೇ, ಒಂದೇ ಕೀಲು ಇದ್ದಾಗಿನ ಏರುಪೇರಿನ ಶೇ 62ರಷ್ಟು ಹಿಂದಿರುಗುತ್ತದೆ. 30 ಡಿಗ್ರಿ ತಪ್ಪಿದರೆ ಎರಡನೆಯ ಕೀಲು ಇದ್ದೂ ಇಲ್ಲದಂತೆ, ಏರುಪೇರು ಪೂರ್ತಿ ವಾಪಸು. ಅದಕ್ಕಿಂತ ಹೆಚ್ಚಾದರೆ ಎರಡನೆಯದು ಸಹಾಯ ಬಿಟ್ಟು ಮೊದಲನೆಯದರ ಜೊತೆ ಸೇರಿಕೊಳ್ಳುತ್ತದೆ. 90 ಡಿಗ್ರಿಯಲ್ಲಿ ಸರಿಯಾಗಿ ಎರಡು ಪಟ್ಟು. ಇನ್ನೂ ಮುಂದೆ ಹೋಗಿ 180 ಡಿಗ್ರಿ ತಪ್ಪಿಸಿದಿರೋ, ಏನೂ ಆಗಿಲ್ಲ! ಕವಲುಗಳು ಮತ್ತೆ ಒಂದೇ ಸಮತಲಕ್ಕೆ ಬಂದಿರುತ್ತವೆ.

ಗಂಟೆಗೆ 100 ಕಿ.ಮೀ. ಓಟದಲ್ಲಿ, ಚಕ್ರದ ಒಂದು ಸುತ್ತಿಗೆ ಶಾಫ್ಟ್ ಮೂರು ಸುತ್ತು ಎಂದುಕೊಂಡರೆ, ಶಾಫ್ಟು ಸೆಕೆಂಡಿಗೆ ಸುಮಾರು 40 ಸಲ ತಿರುಗುತ್ತದೆ. ಸುತ್ತಿಗೆ ಎರಡರಂತೆ ಸೆಕೆಂಡಿಗೆ 80 ಗುದ್ದು. ಇಷ್ಟು ಬೇಗ ಬರುವ ಗುದ್ದು ಗುದ್ದಿನ ಹಾಗೆ ತಿಳಿಯುವುದಿಲ್ಲ, ಪಾದದಡಿಯ ಜುಮುಜುಮು ಆಗಿ ಬರುತ್ತದೆ. ಎಂಜಿನ್ನಿನ ಅದುರಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಲು ಗಿಯರ್ ಬದಲಿಸಿ ನೋಡಬೇಕು. ಅದೇ ವೇಗದಲ್ಲಿ ಗಿಯರ್ ಬದಲಿಸಿದರೂ ಅದುರಾಟದ ಲಯ ಬದಲಾಗದಿದ್ದರೆ ಅನುಮಾನ ಗಿಯರ್‌ಬಾಕ್ಸಿನಿಂದ ಹಿಂದಕ್ಕೆ, ಶಾಫ್ಟು ಅಥವಾ ಚಕ್ರದ ಕಡೆಗೆ. ಸವಾರ ಟೈರನ್ನು ದೂರುತ್ತಾನೆ, ಬ್ಯಾಲೆನ್ಸ್ ಮಾಡಿಸುತ್ತಾನೆ, ದುಡ್ಡು ಹೋಗುತ್ತದೆ. ಒಳಗೆ ಕ್ರಾಸಿನ ಸೂಜಿ ಬೇರಿಂಗು, ಸ್ಪ್ಲೈನಿನ ಹಲ್ಲು, ಗಿಯರ್‌ಬಾಕ್ಸಿನ ಕೊನೆಯ ಬೇರಿಂಗುಗಳು ಪೆಟ್ಟು ತಿನ್ನುತ್ತಲೇ ಇರುತ್ತವೆ.

ಗುರುತು ಅಳಿಸಿಹೋಗಿದ್ದರೆ ದಾರಿಯಿಲ್ಲ ಎಂದಲ್ಲ. ಎರಡು ತುಂಡುಗಳನ್ನು ಹೊರಗೇ ಜೋಡಿಸಿ ಮೇಜಿನ ಮೇಲಿಟ್ಟು ಒಂದು ತುದಿಯಿಂದ ಕಣ್ಣು ಹಾಯಿಸಿದರೆ ಕಿವಿಗಳು ಸಾಲಾಗಿವೆಯೇ ಎಂದು ಕಾಣುತ್ತದೆ. ಹಾಗೆ ಹೊಂದಿಸಿ, ಆಗಲೇ ಹೊಸ ಗೆರೆ ಎಳೆದು, ಹಳೆ ಗ್ರೀಸ್ ತೊಳೆದು, ಸ್ಪ್ಲೈನಿಗೆ ಮಾಲಿಬ್ಡಿನಂ ಇರುವ ಗ್ರೀಸ್ ತೆಳ್ಳಗೆ ಬಳಿದು ಒಳಗೆ ಕಳಿಸಬೇಕು. ನೋಡಬೇಕಾದದ್ದು ನಡುವಿನ ದಂಡದ ಎರಡು ಕವಲುಗಳನ್ನು. ಗಿಯರ್‌ಬಾಕ್ಸಿನ ಕಡೆಯ ಕವಲನ್ನೂ ಪೆಟ್ಟಿಗೆಯ ಕಡೆಯ ಕವಲನ್ನೂ ನೋಡಿ ಹೊಂದಿಸಿದರೆ ಅದು ಬೇರೆಯದೇ ಲೆಕ್ಕ.

ಒಂದು ಎಚ್ಚರಿಕೆ. ಕವಲುಗಳು ಒಂದೇ ಸಮತಲದಲ್ಲಿರಬೇಕು ಎನ್ನುವ ಮಾತು, ಮೂರೂ ದಂಡಗಳು ಪಕ್ಕದಿಂದ ನೋಡಿದಾಗ ಮಾತ್ರ ಬಾಗಿದ್ದು ಮೇಲಿನಿಂದ ನೋಡಿದಾಗ ನೇರವಾಗಿದ್ದರೆ ನಿಜ. ಶಾಫ್ಟು ಹಿಂದೆ ಹೋಗುತ್ತ ಪಕ್ಕಕ್ಕೂ ಓರೆಯಾಗಿ, ಎರಡು ಕೀಲುಗಳ ಬಾಗು ಬೇರೆ ಬೇರೆ ದಿಕ್ಕಿಗಾದರೆ, ಆ ದಿಕ್ಕುಗಳ ನಡುವಿನ ಕೋನದಷ್ಟು ಕವಲುಗಳನ್ನೂ ಬೇಕೆಂದೇ ತಿರುಚಿ ಇಡಬೇಕಾಗುತ್ತದೆ. ಆದ್ದರಿಂದ ತಯಾರಕರ ಕೈಪಿಡಿ ಬೇರೇನಾದರೂ ಕೋನ ಹೇಳಿದ್ದರೆ ಕಣ್ಣಳತೆಯ ಜಾಣತನ ಬೇಡ.

ನಮ್ಮಲ್ಲಿ ಶಾಫ್ಟಿನ ಬೈಕು ಎಷ್ಟು ಜನರ ಮನೆಯಲ್ಲಿದೆ ಎಂದು ಕೇಳಬಹುದು. ಮೈಸೂರಿನ ಜಾವಾ ಓಡಿದ್ದು ಚೈನಿನ ಮೇಲೆ. ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಟಿವಿಎಸ್ ಕಾರ್ಖಾನೆಯಿಂದ ಹೊರಬಂದ ಬಿಎಂಡಬ್ಲ್ಯು ಜಿ 310ಕ್ಕೂ ಚೈನೇ. ಆದರೆ ಎರಡು ಕ್ರಾಸಿನ ಶಾಫ್ಟು ಬೈಕಿಗಿಂತ ಮೊದಲೇ ನಮ್ಮ ಹೊಲಕ್ಕೆ ಬಂದಿದೆ. ಟ್ರ್ಯಾಕ್ಟರಿನ ಹಿಂದೆ ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟು ಇದೇ ತಳಿಯದು: ಎರಡು ತುದಿಗೆ ಕ್ರಾಸ್, ನಡುವೆ ಒಂದರೊಳಗೊಂದು ಜಾರುವ ಕೊಳವೆ. ರೋಟವೇಟರ್ ಪೂರ್ತಿ ಎತ್ತುವಾಗ ಪಿಟಿಒ ನಿಲ್ಲಿಸು ಎಂದು ಹೇಳುವುದೂ ಬಾಗು ಅತಿಯಾಗುತ್ತದೆ ಎಂದೇ.

ಆ ಕೊಳವೆಯ ಆಕಾರದಲ್ಲಿ ಒಂದು ಜಾಣತನವಿದೆ. ಕೆಲವು ಶಾಫ್ಟುಗಳಲ್ಲಿ ಅದು ನಿಂಬೆಹಣ್ಣನ್ನು ಉದ್ದಕ್ಕೆ ಕೊಯ್ದ ಹಾಗೆ ಎರಡು ಮೂತಿಯದು. ಹಾಗಾಗಿ ತೂರಿಸಲು ಎರಡೇ ದಾರಿ, ಒಂದಕ್ಕೂ ಇನ್ನೊಂದಕ್ಕೂ 180 ಡಿಗ್ರಿ ವ್ಯತ್ಯಾಸ, ಎರಡೂ ಸರಿ. ಕತ್ತಲಲ್ಲಿ ಜೋಡಿಸಿದರೂ ತಪ್ಪಾಗದು. ಇನ್ನು ಕೆಲವದರಲ್ಲಿ ನಡುವಿನದು ಚೌಕದ ಸರಳು, ಚೌಕದ ಕೊಳವೆ. ಅದು ನಾಲ್ಕು ಥರ ತೂರುತ್ತದೆ, ಎರಡು ಸರಿ, ಉಳಿದ ಎರಡು ಸರಿಯಾಗಿ 90 ಡಿಗ್ರಿ ತಪ್ಪು. ಹಳೆ ಶಾಫ್ಟನ್ನು ಎರಡು ತುಂಡಾಗಿ ಬೇರೆ ಬೇರೆ ಮೂಲೆಯಲ್ಲಿ ಎಸೆದು, ಮುಂಗಾರಿನ ಹೊತ್ತಿಗೆ ಹುಡುಕಿ ತಂದು ಸಿಕ್ಕಿಸುವವರು ಮೊದಲು ನೋಡಬೇಕಾದದ್ದು ಎರಡು ತುದಿಯ ಕಿವಿಗಳನ್ನು, ಗ್ರೀಸ್ ಆಮೇಲೆ.